ಐದು ದಿನ ಕಡಿಮೆ: ಒಬ್ಬ ಅಲೆಮಾರಿ ಕ್ಯಾಚರ್‌ನ ಪ್ರಕರಣ

2023ರ ಜನವರಿಯ ಮೂರನೆಯ ವಾರ. ಹೊರಗೆ ಮೊಣಕಾಲೆತ್ತರ ಹಿಮ. ತೆರಿಗೆ ಕಾಗದಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು ಅವನು ಕೇಳಿದ: "ಮೂವತ್ತೆಂಟಕ್ಕೂ ನಲವತ್ತಮೂರಕ್ಕೂ ವ್ಯತ್ಯಾಸ ಎಷ್ಟು?"

"ಐದು" ಎಂದೆ.

"ಅದನ್ನು ಡಾಲರ್‌ನಲ್ಲಿ ಹೇಳಿ."

ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಎಲ್ಲಿ ತಪ್ಪಿದೆ ಎಂಬುದನ್ನು ಹೇಳಲೆಂದೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ನಾನು ಅಮೆರಿಕದ ಮಧ್ಯಪಶ್ಚಿಮದ ಒಂದು ಸಣ್ಣ ಊರಿನಲ್ಲಿ ಜನರ ತೆರಿಗೆ ಲೆಕ್ಕ ಬರೆದು ಬದುಕುವವನು. ಗ್ರಾಹಕರ ತೆರಿಗೆ ವಿವರವನ್ನು ಅವರ ಲಿಖಿತ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವುದು ಇಲ್ಲಿ ಅಪರಾಧ. ಹಾಗಾಗಿ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಕ್ಲಬ್‌ಗಳ ಮತ್ತು ಊರುಗಳ ಹೆಸರನ್ನು ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿಯೂ ಇದ್ದೇನೆ. ಆಟಗಾರನನ್ನು ಇಲ್ಲಿ ಕೆಂಚ ಎಂದು ಕರೆಯುತ್ತೇನೆ. ಅದು ನನ್ನ ಅಮ್ಮ ಇಟ್ಟ ಹೆಸರು.

ಅಮ್ಮ ಈ ಕತೆಯೊಳಗೆ ಬಂದದ್ದು ಹೀಗೆ. ಬೇಸ್‌ಬಾಲ್‌ನಲ್ಲಿ ಮೇಜರ್ ಲೀಗ್‌ನ ಕೆಳಗಿನ ಹಂತವಾದ ಮೈನರ್ ಲೀಗ್‌ನ ಆಟಗಾರರಿಗೆ ಕ್ಲಬ್‌ಗಳೇ ವಸತಿ ಕೊಡಬೇಕೆಂಬ ನಿಯಮ ಬಂದದ್ದು 2022ರಲ್ಲಿ. ಅಲ್ಲಿಯವರೆಗೆ ಸಣ್ಣ ಊರುಗಳಲ್ಲಿ ಕುಟುಂಬಗಳು ಒಬ್ಬೊಬ್ಬ ಹುಡುಗನನ್ನು ಬೇಸಿಗೆಯ ಮಟ್ಟಿಗೆ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದವು. 2013ರಲ್ಲಿ ನಮ್ಮ ನೆಲಮಾಳಿಗೆಗೆ ಬಂದವನು ಇವನು. ಅದೇ ಬೇಸಿಗೆಯಲ್ಲಿ ಅರಸೀಕೆರೆಯಿಂದ ಅಮ್ಮ ಬಂದಿದ್ದರು. ರಾತ್ರಿ ಹನ್ನೊಂದಕ್ಕೆ ಪಂದ್ಯ ಮುಗಿಸಿ ಬಂದವನು ಚಿತ್ರಾನ್ನ ತಿಂದು, ನೆಲಮಾಳಿಗೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು, ನನ್ನ ಮಗ ಎಸೆಯುವ ಟೆನಿಸ್ ಚೆಂಡುಗಳನ್ನು ಬರಿಗೈಯಲ್ಲಿ ಹಿಡಿಯುತ್ತಿದ್ದ. ಹಿಡಿಯುವುದು ದೊಡ್ಡದಲ್ಲ, ಹಿಡಿದ ಮೇಲೆ ಕೈ ಒಂದಿಷ್ಟೂ ಅಲುಗಬಾರದು, ಅದು ಅಭ್ಯಾಸ. ಅಮ್ಮ ಮೆಟ್ಟಿಲ ಮೇಲೆ ಕುಳಿತು ನೋಡಿ, "ಈ ಕೆಂಚನಿಗೆ ಕೂರುವುದಕ್ಕೆ ಸಂಬಳವೇ?" ಎಂದು ಕೇಳಿದ್ದರು. ಸಂಬಳದ ವಿಷಯ ತಿಳಿದಿದ್ದರೆ ಕೇಳುತ್ತಿರಲಿಲ್ಲ.

ಬೇಸ್‌ಬಾಲ್ ತಿಳಿಯದವರಿಗೆ ಒಂದೆರಡು ಮಾತು. ಕ್ಯಾಚರ್ ಎಂದರೆ ಬ್ಯಾಟರ್‌ನ ಬೆನ್ನ ಹಿಂದೆ ಕುಳಿತು ಪಿಚರ್ ಎಸೆದ ಚೆಂಡನ್ನು ಹಿಡಿಯುವವನು. ನಮ್ಮ ವಿಕೆಟ್ ಕೀಪರ್‌ನ ದಾಯಾದಿ ಎನ್ನಬಹುದು, ಆದರೆ ಇವನಿಗೆ ಹೊರೆ ಹೆಚ್ಚು. ಹದಿನೆಂಟೂವರೆ ಮೀಟರ್ ದೂರದಿಂದ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡನ್ನು ಒಂದು ಪಂದ್ಯದಲ್ಲಿ ನೂರಕ್ಕೂ ಹೆಚ್ಚು ಬಾರಿ ಎದುರಿಸಬೇಕು. ಮುಂದಿನ ಎಸೆತ ಯಾವುದಿರಬೇಕೆಂದು ಆಗ ಬೆರಳಿನಿಂದ ಸನ್ನೆ ಮಾಡಬೇಕಿತ್ತು. ಬೇಸ್ ಕದಿಯಲು ಓಡುವವನನ್ನು ತಡೆಯಲು 38.8 ಮೀಟರ್ ದೂರದ ಎರಡನೇ ಬೇಸ್‌ಗೆ ಚೆಂಡು ತಲುಪಿಸಬೇಕು. ಮಿಟ್ ಎಂಬ ದಪ್ಪ ಕೈಗವಸಿಗೆ ಚೆಂಡು ಬಡಿದ ಕ್ಷಣದಿಂದ ಲೆಕ್ಕ ಹಾಕಿದರೆ ಎರಡು ಸೆಕೆಂಡ್ ಒಳ್ಳೆಯ ಸಮಯ. ಇಷ್ಟೆಲ್ಲ ಮಾಡುವವನು ತೊಡುವ ಮುಖವಾಡ, ಎದೆಕವಚ, ಮೊಣಕಾಲು ಪಟ್ಟಿಗಳಿಗೆ ಅಮೆರಿಕನ್ನರು ಹಳೆಯ ಕಾಲದಿಂದ ಇಟ್ಟಿರುವ ಅಡ್ಡಹೆಸರು 'ಅಜ್ಞಾನದ ಉಪಕರಣಗಳು'. ಬುದ್ಧಿ ಇದ್ದವನು ಈ ಕೆಲಸಕ್ಕೆ ಬರುತ್ತಿರಲಿಲ್ಲ ಎಂಬ ತಮಾಷೆ.

ತಂಡಕ್ಕೆ ಒಬ್ಬನೇ ಕೀಪರ್ ಎಂಬ ಕಷ್ಟ ನಮಗೂ ಗೊತ್ತಿರುವುದೇ. ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಇಂಗ್ಲೆಂಡ್ ವಿರುದ್ಧ 192 ಹೊಡೆದರೂ ಆಡಿದ್ದು ಹದಿನೆಂಟೇ ಟೆಸ್ಟ್, ಏಕೆಂದರೆ ಅದೇ ಕಾಲದಲ್ಲಿ ಫಾರೂಖ್ ಎಂಜಿನಿಯರ್ ಇದ್ದರು. ಕೆಂಚನ ದಾರಿಯಲ್ಲಿ ಎಂಜಿನಿಯರ್‌ಗಳಿಗೆ ಕೊರತೆಯೇ ಇರಲಿಲ್ಲ.

ಅವನು ಕಾಲೇಜಿನಲ್ಲಿ ಮೂರನೇ ಬೇಸ್ ಕಾಯುತ್ತಿದ್ದವನು. ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ 2011ರಲ್ಲಿ ಐವತ್ತು ಸುತ್ತುಗಳಿದ್ದವು. ಇವನನ್ನು ಆರಿಸಿಕೊಂಡಾಗ ಟಿವಿ ಕ್ಯಾಮೆರಾಗಳೆಲ್ಲ ಮನೆಗೆ ಹೋಗಿ ದಿನ ಕಳೆದಿತ್ತು. ಕಾಲೇಜು ಮುಗಿಸಿದವನಿಗೆ ಚೌಕಾಸಿಯ ಬಲವಿಲ್ಲ, ಕೊಟ್ಟ ಕೆಲವೇ ಸಾವಿರ ಡಾಲರ್ ಬೋನಸ್‌ಗೆ ಸಹಿ ಹಾಕಿದ. ಮೊದಲ ವರ್ಷದ ಸಂಬಳ ತಿಂಗಳಿಗೆ 1,100 ಡಾಲರ್. ಅದೂ ಪಂದ್ಯಗಳಿರುವ ತಿಂಗಳುಗಳಿಗೆ ಮಾತ್ರ. ವಸಂತದ ತರಬೇತಿ ಶಿಬಿರಕ್ಕೆ ಕಾಸಿಲ್ಲ, ಚಳಿಗಾಲಕ್ಕೆ ಕಾಸಿಲ್ಲ. ಇದೇ ಕಾರಣಕ್ಕೆ ಮೈನರ್ ಲೀಗ್ ಆಟಗಾರರು 2014ರಲ್ಲಿ ಮೊಕದ್ದಮೆ ಹೂಡಿದರು, 2022ರಲ್ಲಿ 18.5 ಕೋಟಿ ಡಾಲರ್‌ಗೆ ರಾಜಿಯಾಯಿತು. 2011ರ ಶರತ್ಕಾಲದ ಶಿಬಿರದಲ್ಲಿ ತರಬೇತುದಾರನೊಬ್ಬ ಕೇಳಿದ: ಮೂರನೇ ಬೇಸ್‌ಗೆ ನಿನ್ನ ಮುಂದೆ ನಾಲ್ವರಿದ್ದಾರೆ, ಕ್ಯಾಚರ್ ಆಗುತ್ತೀಯಾ? ಕೆಂಚ ಅರ್ಧ ದಿನ ಯೋಚಿಸಿ ಆಗುತ್ತೇನೆ ಎಂದ. ಇಡೀ ಪ್ರಕರಣದಲ್ಲಿ ಇದೇ ಅತಿ ದೊಡ್ಡ ನಿರ್ಧಾರ, ಆದರೂ ಅವನು ಅತಿ ಕಡಿಮೆ ಯೋಚಿಸಿದ್ದು ಇದರ ಬಗ್ಗೆಯೇ.

ಸಮಸ್ಯೆ

2012ರಿಂದ 2017ರವರೆಗೆ ಹೇಳುವಂಥದ್ದು ಹೆಚ್ಚಿಲ್ಲ. ಎ ದರ್ಜೆ, ಡಬಲ್-ಎ, ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎ ಎಂದು ಮೆಟ್ಟಿಲು ಹತ್ತಿದ. ಬ್ಯಾಟಿಂಗ್ ಸಾಧಾರಣ. ಡಬಲ್-ಎಗೆ ಬಂದ ಎರಡನೇ ವರ್ಷ ಅವನ ಕ್ಲಬ್ ಮೊದಲ ಸುತ್ತಿನಲ್ಲೇ ಒಬ್ಬ ಕ್ಯಾಚರ್‌ನನ್ನು ಆರಿಸಿತು. ಹತ್ತಾರು ಲಕ್ಷ ಡಾಲರ್ ಕೊಟ್ಟು ತಂದವನನ್ನು ಆಡಿಸುತ್ತಾರೆಯೇ, ಕೆಲವು ಸಾವಿರಕ್ಕೆ ಬಂದವನನ್ನೇ? ಅಲ್ಲಿಂದ ಮುಂದೆ ಕೆಂಚ ವಾರಕ್ಕೆರಡು ಪಂದ್ಯದ ಆಳಾದ.

ಆದರೂ ಅವನನ್ನು ಯಾರೂ ಕೈಬಿಡಲಿಲ್ಲ. ನನಗೆ ಇದು ಅರ್ಥವಾಗಲು ಬಹಳ ಕಾಲ ಹಿಡಿಯಿತು. ಫೆಬ್ರುವರಿಯ ಶಿಬಿರಕ್ಕೆ ಒಂದು ಕ್ಲಬ್ ಮೂವತ್ತರಷ್ಟು ಪಿಚರ್‌ಗಳನ್ನು ಕರೆಯುತ್ತದೆ. ಅವರೆಲ್ಲ ದಿನವೂ ಎಸೆಯಬೇಕು, ಎಸೆದದ್ದನ್ನು ಯಾರಾದರೂ ಹಿಡಿಯಬೇಕು. ಆದ್ದರಿಂದ ಕೊನೆಗೆ ತಂಡದಲ್ಲಿ ಉಳಿಯುವ ಕ್ಯಾಚರ್‌ಗಳು ಇಬ್ಬರೇ ಆದರೂ ಶಿಬಿರಕ್ಕೆ ಏಳೆಂಟು ಜನ ಬೇಕು. ಕೆಂಚ ಎಲೆಯ ತುದಿಯ ಉಪ್ಪಿನಕಾಯಿ: ಇಲ್ಲದಿದ್ದರೆ ಊಟ ಸಪ್ಪೆ, ಹಾಗೆಂದು ಯಾರೂ ಎರಡನೇ ಸಲ ಬಡಿಸಿಕೊಳ್ಳುವುದಿಲ್ಲ.

ಅವನ ಕೈಚಳಕ ಬೇರೆಯ ಕಡೆ ಇತ್ತು. ಎಸೆತ ಸರಿ ಎನಿಸಿಕೊಳ್ಳಲು ಹಾದುಹೋಗಬೇಕಾದ ಸ್ಟ್ರೈಕ್ ವಲಯದ ಅಂಚಿಗೆ ಬಂದ ಚೆಂಡನ್ನು ಮಣಿಕಟ್ಟು ಅಲುಗದಂತೆ ಹಿಡಿದು, ಅಂಪೈರ್‌ನ ಕಣ್ಣಿಗೆ ಅದು ಒಳಗೇ ಬಂದಂತೆ ಕಾಣಿಸುವುದು. ಇದನ್ನು ಫ್ರೇಮಿಂಗ್ ಎನ್ನುತ್ತಾರೆ. ನೆಲಮಾಳಿಗೆಯ ಟೆನಿಸ್ ಚೆಂಡುಗಳ ಫಲ. ಪಿಚರ್‌ಗಳು ಇವನೇ ಬೇಕೆಂದು ಕೇಳುತ್ತಿದ್ದರು. ಸನ್ನೆ ದೂರಕ್ಕೆ ಕಾಣಲೆಂದು ಬಲಗೈ ಉಗುರುಗಳಿಗೆ ಬಣ್ಣ ಹಚ್ಚಿಕೊಳ್ಳುವ ರೂಢಿ ಕ್ಯಾಚರ್‌ಗಳಲ್ಲಿತ್ತು. ನನ್ನ ಹೆಂಡತಿಯ ಹಳದಿ ಉಗುರುಬಣ್ಣದ ಸೀಸೆಯೊಂದು 2013ರಲ್ಲಿ ಮಾಯವಾದದ್ದು ಹಾಗೆ. ಪ್ರತಿ ಜನವರಿ ಅವನು ಕೆರಿಬಿಯನ್ ಚಳಿಗಾಲದ ಲೀಗ್ ಮುಗಿಸಿ ನನ್ನ ಕಚೇರಿಗೆ ಬಂದಾಗ ತೋರುಬೆರಳ ಉಗುರಿನ ಬುಡದಲ್ಲಿ ಹಳದಿ ಚೂರು ಉಳಿದಿರುತ್ತಿತ್ತು. ಅದೇ ಬೆರಳಿನ ಮೇಲಿನ ಗೆಣ್ಣು ಹೊರಗೆ ಬಾಗಿದೆ. ಬ್ಯಾಟಿಗೆ ಸವರಿ ದಿಕ್ಕು ಬದಲಿಸಿದ ಚೆಂಡಿನ ಕೆಲಸ ಅದು.

ಅವನ ಕಾಗದಗಳು ಮಿಟ್ ಇಡುವ ಹಳೆಯ ಚೀಲದಲ್ಲಿ ಬರುತ್ತಿದ್ದವು. ಆರೇಳು ರಾಜ್ಯಗಳಲ್ಲಿ ಆಡಿದವನು ಎಷ್ಟು ದಿನ ಎಲ್ಲಿ ಕೆಲಸ ಮಾಡಿದ ಎಂದು ಎಣಿಸಿ, ತೆರಿಗೆ ಹಾಕುವ ಪ್ರತಿ ರಾಜ್ಯಕ್ಕೂ ಬೇರೆ ಲೆಕ್ಕ ಕೊಡಬೇಕು. ಕೋಟ್ಯಧಿಪತಿ ಆಟಗಾರರಿಗಾಗಿ ಮಾಡಿದ ನಿಯಮ, ವರ್ಷಕ್ಕೆ ಹತ್ತು ಸಾವಿರ ಡಾಲರ್ ದುಡಿಯುವವನನ್ನೂ ಹಿಡಿದುಹಾಕುತ್ತದೆ. ಮಿಟ್, ಬೂಟು, ಜಿಮ್ ಖರ್ಚನ್ನು 2017ರವರೆಗೆ ಒಂದಿಷ್ಟು ಕಳೆಯಬಹುದಿತ್ತು. 2018ರಿಂದ ಕಾನೂನು ಅದನ್ನೂ ತೆಗೆಯಿತು.

ಮಾಡಿ ನೋಡಿದ್ದು

2017ರ ನವೆಂಬರ್‌ನಲ್ಲಿ ಅವನ ಏಳು ಋತುಗಳು ಮುಗಿದವು. ಅಂದರೆ ಮೊದಲ ಬಾರಿಗೆ ಯಾವ ಕ್ಲಬ್‌ಗೆ ಬೇಕಾದರೂ ಸಹಿ ಹಾಕುವ ಸ್ವಾತಂತ್ರ್ಯ. ಎರಡು ಕರೆಗಳು ಬಂದವು. ಒಂದು ಕ್ಲಬ್ ಟ್ರಿಪಲ್-ಎ ಸಂಬಳವಾಗಿ ತಿಂಗಳಿಗೆ ಮೂರು ಸಾವಿರ ಡಾಲರ್ ಹೆಚ್ಚು ಕೊಡುತ್ತಿತ್ತು. ಅವನ ಏಜೆಂಟ್ ಅದಕ್ಕೇ ಹೂಂ ಎನ್ನು ಎಂದಿದ್ದ.

ಕೆಂಚ ನಮ್ಮ ಊಟದ ಮೇಜಿನ ಮೇಲೆ ಒಂದು ಹಾಳೆ ಹರಡಿದ. ಎರಡೂ ಕ್ಲಬ್‌ಗಳ ನಲವತ್ತು ಜನರ ಪಟ್ಟಿಯಲ್ಲಿರುವ ಕ್ಯಾಚರ್‌ಗಳ ಹೆಸರು, ವಯಸ್ಸು, ಹಿಂದಿನ ಮೂರು ವರ್ಷಗಳಲ್ಲಿ ಯಾರು ಎಷ್ಟು ದಿನ ಗಾಯಗೊಂಡು ಕುಳಿತಿದ್ದರು, ಯಾರನ್ನು ಮೈನರ್‌ಗೆ ಇಳಿಸುವ ಅವಕಾಶ ಇನ್ನೂ ಉಳಿದಿದೆ. ಮೇಜರ್ ಲೀಗ್‌ನ ಗುಟ್ಟೆಲ್ಲ ಈ ನಲವತ್ತರ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿರುವವನನ್ನು ಸಾಮಾನ್ಯವಾಗಿ ಮೂರು ವರ್ಷಗಳ ಮಟ್ಟಿಗೆ ಮೇಲೆ ಕೆಳಗೆ ಓಡಾಡಿಸಬಹುದು. ಹೊರಗಿರುವವನನ್ನು ಒಳಗೆ ತರಬೇಕಾದರೆ ಒಬ್ಬನ ಹೆಸರು ಹೊಡೆಯಬೇಕು. ಹೆಚ್ಚು ದುಡ್ಡಿನ ಕ್ಲಬ್‌ನ ಪಟ್ಟಿಯಲ್ಲಿ ಮೂವರು ಕ್ಯಾಚರ್‌ಗಳಿದ್ದರು, ಮೂವರೂ ಇಪ್ಪತ್ತೈದರ ಆಸುಪಾಸಿನವರು. ಕಡಿಮೆ ದುಡ್ಡಿನ ಕ್ಲಬ್‌ನಲ್ಲಿ ಇಬ್ಬರೇ. ಒಬ್ಬನಿಗೆ ಮೂವತ್ತಾರು, ಮೊಣಕಾಲು ಕೈಕೊಟ್ಟಿತ್ತು.

ಕೆಂಚ ಕಡಿಮೆ ದುಡ್ಡಿಗೆ ಸಹಿ ಹಾಕಿದ. ಋತುವಿನ ಐದು ತಿಂಗಳಿಗೆ ಹದಿನೈದು ಸಾವಿರ ಡಾಲರ್ ಬಿಟ್ಟ ಲೆಕ್ಕ. ಅವನಿಗೆ ಅದು ಒಂದೂವರೆ ವರ್ಷದ ದುಡಿಮೆ.

2018ರ ಸೆಪ್ಟೆಂಬರ್ 4ರಂದು ಕರೆ ಬಂತು. ಆಗಿನ ನಿಯಮದಂತೆ ಸೆಪ್ಟೆಂಬರ್ 1ರ ನಂತರ ನಲವತ್ತರ ಪಟ್ಟಿಯಲ್ಲಿರುವ ಯಾರನ್ನು ಬೇಕಾದರೂ ಮೈದಾನಕ್ಕೆ ಇಳಿಸಬಹುದಿತ್ತು, ಹಾಗಾಗಿ ಕ್ಲಬ್‌ಗಳು ಮೊದಲು ಕರೆಸುತ್ತಿದ್ದುದು ಮೂರನೇ ಕ್ಯಾಚರ್‌ನನ್ನು. ಇಪ್ಪತ್ತೇಳು ದಿನ ಇದ್ದ. ಒಂಬತ್ತು ಬಾರಿ ಬ್ಯಾಟ್ ಹಿಡಿದ, ಎರಡು ಹಿಟ್. ಆ ವರ್ಷದ ಕನಿಷ್ಠ ವೇತನ 5,45,000 ಡಾಲರ್, ದಿನಗಳಿಗೆ ಹಂಚಿದಾಗ ಅವನ ಪಾಲಿಗೆ ಸುಮಾರು 79,000 ಬಂತು. ಹಿಂದಿನ ಏಳು ವರ್ಷ ಆಟದಿಂದ ದುಡಿದದ್ದನ್ನೆಲ್ಲ ಕೂಡಿಸಿ ನೋಡಿದೆ, ಅಷ್ಟಾಗಿರಲಿಲ್ಲ. ಋತು ಮುಗಿದ ಮೇಲೆ ಪಟ್ಟಿಯಿಂದ ತೆಗೆದರು, ಬೇರೆ ಯಾವ ಕ್ಲಬ್ಬೂ ಕೈಚಾಚಲಿಲ್ಲ.

2019ರಲ್ಲಿ ಮತ್ತೊಂದು ಕ್ಲಬ್‌ನ ಟ್ರಿಪಲ್-ಎ. ಆ ವರ್ಷ ಟ್ರಿಪಲ್-ಎಗೂ ಮೇಜರ್ ಲೀಗ್‌ನ ಚೆಂಡನ್ನೇ ಕೊಟ್ಟರು, ಎಲ್ಲರ ಹೋಂ ರನ್‌ಗಳೂ ಉಕ್ಕಿದವು. ಕೆಂಚ ಜೀವನದಲ್ಲೇ ಹೆಚ್ಚು ಹೊಡೆದ. ಯಾರೂ ನಂಬಲಿಲ್ಲ, ಅವನೂ ನಂಬಲಿಲ್ಲ.

2020 ಬೇರೆಯದೇ ಕತೆ. ಮೈನರ್ ಲೀಗ್‌ನ ಇಡೀ ಋತು ರದ್ದಾಯಿತು. ಅವನ ಜೊತೆಯವರಲ್ಲಿ ಅನೇಕರು ವಾರಕ್ಕೆ 400 ಡಾಲರ್ ಭತ್ಯೆ ಪಡೆದು ಮನೆಯಲ್ಲಿ ಕುಳಿತಾಗ ಇವನಿಗೆ ಕೆಲಸವಿತ್ತು. ಮೇಜರ್ ಕ್ಲಬ್‌ಗಳು ಪ್ರವಾಸದಲ್ಲಿ ಮೂವರು ಹೆಚ್ಚುವರಿ ಆಟಗಾರರನ್ನು ಕರೆದೊಯ್ಯಬಹುದಿತ್ತು. ಅದಕ್ಕೆ ಟ್ಯಾಕ್ಸಿ ತಂಡ ಎಂದು ಹೆಸರು. ಮೂವರನ್ನು ಒಯ್ದರೆ ಅವರಲ್ಲಿ ಒಬ್ಬ ಕ್ಯಾಚರ್ ಆಗಿರಲೇಬೇಕೆಂಬುದು ನಿಯಮ. ಖಾಲಿ ಮೈದಾನಗಳಲ್ಲಿ, ಖಾಲಿ ಹೋಟೆಲ್‌ಗಳಲ್ಲಿ ಕೆಂಚ ಪಂದ್ಯಕ್ಕೆ ಮುಂಚಿನ ಚೆಂಡುಗಳನ್ನು ಹಿಡಿದ. ಮೇಜರ್ ಲೀಗ್‌ನ ವಿಮಾನ, ಮೇಜರ್ ಲೀಗ್‌ನ ಊಟ. ಆದರೆ ಟ್ಯಾಕ್ಸಿ ತಂಡದ ದಿನಗಳು ಸೇವೆಗೆ ಸೇರುವುದಿಲ್ಲ.

ಸೇವಾ ದಿನ ಎಂಬ ಮಾತು ನಮ್ಮ ನಡುವೆ ಮೊದಲು ಬಂದದ್ದು ಆ ಚಳಿಗಾಲದಲ್ಲಿ. ಮೇಜರ್ ಲೀಗ್‌ನಲ್ಲಿ 172 ದಿನ ಸೇರಿದರೆ ಒಂದು ವರ್ಷದ ಸೇವೆ. ಅದರ ಕಾಲು ಭಾಗ, ಅಂದರೆ 43 ದಿನ ತುಂಬಿದವನಿಗೆ ನಿವೃತ್ತಿ ವೇತನದ ಹಕ್ಕು. ಒಂದೇ ದಿನ ಇದ್ದವನಿಗೂ ಆಟಗಾರರ ಆರೋಗ್ಯ ವಿಮೆಯ ಬಾಗಿಲು ತೆರೆದಿರುತ್ತದೆ. 1980ರ ಒಪ್ಪಂದದಲ್ಲಿ ಬಂದ ನಿಯಮ ಇದು. ಅದಕ್ಕೂ ಹಿಂದಿನವರಿಗೆ ನಾಲ್ಕು ವರ್ಷ ಬೇಕಿತ್ತು, ಹೊಸ ನಿಯಮ ಅವರಿಗೆ ಅನ್ವಯಿಸಲಿಲ್ಲ. ಮೂರೂವರೆ ವರ್ಷ ಆಡಿದವರೂ ಹೊರಗೇ ಉಳಿದರು.

2021ರಲ್ಲಿ ಹನ್ನೊಂದು ದಿನ ಸಿಕ್ಕವು. ತಂಡದ ಕ್ಯಾಚರ್‌ನ ಹೆಂಡತಿಗೆ ಹೆರಿಗೆಯಾದಾಗ ಮೂರು ದಿನ, ಇನ್ನೊಬ್ಬ ಕೋವಿಡ್ ಪಟ್ಟಿಗೆ ಹೋದಾಗ ಎಂಟು ದಿನ. ಒಟ್ಟು 38.

ಅಷ್ಟು ಹೊತ್ತಿಗೆ ಹಳೆಯ ಬಾಗಿಲು ಮುಚ್ಚಿತ್ತು. ಸೆಪ್ಟೆಂಬರ್‌ನಲ್ಲಿ ನಲವತ್ತು ಜನರನ್ನು ಕರೆಸುವ ಪದ್ಧತಿಯನ್ನು ತೆಗೆದು 28ಕ್ಕೆ ಇಳಿಸಿದ್ದರು. ಕೊನೆಯ ತಿಂಗಳಲ್ಲಿ ಮೂರನೇ ಕ್ಯಾಚರ್ ಆಗಿ ಐದು ದಿನ ಕುಳಿತುಬರುವುದು ಇನ್ನು ಸುಲಭವಿರಲಿಲ್ಲ. 2022ರ ಮೇ ತಿಂಗಳಲ್ಲಿ ಸವರಿದ ಚೆಂಡೊಂದು ಬಲಗೈ ಹೆಬ್ಬೆರಳಿಗೆ ಬಡಿಯಿತು. ಎರಡು ಸಣ್ಣ ಕಂಬಿ ಹಾಕಿ ಕೂಡಿಸಿದರು. ಆಗಸ್ಟ್‌ನಲ್ಲಿ ಕ್ಲಬ್ ಬಿಡುಗಡೆ ಮಾಡಿತು. ಅದೇ ವರ್ಷ ಮೇಜರ್ ಲೀಗ್‌ಗೆ ಪಿಚ್‌ಕಾಮ್ ಬಂತು. ಕ್ಯಾಚರ್ ಪಟ್ಟಿಯ ಗುಂಡಿ ಒತ್ತಿದರೆ ಪಿಚರ್‌ನ ಟೋಪಿಯೊಳಗೆ ಧ್ವನಿ ಕೇಳುತ್ತದೆ. ಉಗುರುಬಣ್ಣದ ಕಾಲ ಮುಗಿಯತೊಡಗಿತು.

ತಿರುವು

ಈಗ ಜನವರಿಯ ಮೇಜಿಗೆ ಬರೋಣ. ಕೆಂಚನಿಗೆ ಮೂವತ್ತಮೂರು. ಮದುವೆಯಾಗಿ ಒಂದು ಮಗುವಿತ್ತು. ಒಂದು ಕ್ಲಬ್ ಡಬಲ್-ಎಯಲ್ಲಿ ಕ್ಯಾಚರ್‌ಗಳ ತರಬೇತುದಾರನ ಕೆಲಸ ಕೊಡಲು ಸಿದ್ಧವಿತ್ತು: ಹನ್ನೆರಡು ತಿಂಗಳೂ ಸಂಬಳ, ಕುಟುಂಬಕ್ಕೆ ವಿಮೆ. ಕ್ಯಾಚರ್‌ಗಳಿಗೆ ಇದು ಚೆನ್ನಾಗಿ ಸವೆದ ದಾರಿ. ಬದಲಿ ಕ್ಯಾಚರ್ ಆಗಿಯೇ ಆಡಿದ ಬ್ರೂಸ್ ಬೋಚಿ ಮ್ಯಾನೇಜರ್ ಆಗಿ ಅಷ್ಟರಲ್ಲಾಗಲೇ ಮೂರು ವರ್ಲ್ಡ್ ಸೀರೀಸ್ ಗೆದ್ದಿದ್ದ, ಅದೇ ವರ್ಷ ನಾಲ್ಕನೆಯದನ್ನೂ ಗೆದ್ದ. ಇನ್ನೊಂದು ಕ್ಲಬ್‌ನಿಂದ ಬಂದದ್ದು ಬರೀ ಮೈನರ್ ಲೀಗ್ ಒಪ್ಪಂದ, ಶಿಬಿರಕ್ಕೆ ಆಹ್ವಾನ, ಭರವಸೆ ಏನೂ ಇಲ್ಲ.

ನಾನು ಕೋಷ್ಟಕ ಮಾಡಿದೆ. ಅವನ ವಯಸ್ಸು, ಹೆಬ್ಬೆರಳು, ಬ್ಯಾಟಿಂಗ್ ಸರಾಸರಿ, ಹಿಂದಿನ ಐದು ವರ್ಷಗಳಲ್ಲಿ ಎಷ್ಟು ಬಾರಿ ಮೇಲೆ ಹೋದ. ಇವುಗಳಿಂದ ಐದು ದಿನ ಸಿಗುವ ಸಾಧ್ಯತೆ ಅಂದಾಜು ಮಾಡಿ, ನಿವೃತ್ತಿ ವೇತನದ ಇಂದಿನ ಬೆಲೆಯಿಂದ ಗುಣಿಸಿ, ಬಿಟ್ಟುಕೊಡುವ ಸಂಬಳ ಕಳೆದೆ. ಉತ್ತರ ಋಣದಲ್ಲಿ ಬಂತು. "ಕೆಲಸ ಹಿಡಿ" ಎಂದೆ. ಹಿರಿಯನಾಗಿ, ಅವನಿಗೆ ಅನ್ನ ಹಾಕಿದ ಮನೆಯವನಾಗಿ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಅವನು ಹಾಳೆಯನ್ನು ತನ್ನ ಕಡೆಗೆ ತಿರುಗಿಸಿ ನೋಡಿದ. "ಇದರಲ್ಲಿ ಎಲ್ಲ ನಾನೇ ಇದ್ದೇನಲ್ಲ. ಬೇರೆ ಕ್ಯಾಚರ್‌ಗಳು ಎಲ್ಲಿದ್ದಾರೆ?"

ನಾನು ಅವನ ಯೋಗ್ಯತೆಯನ್ನು ಅಳೆದಿದ್ದೆ. 2021ರ ಹನ್ನೊಂದು ದಿನಗಳಲ್ಲಿ ಅವನ ಯೋಗ್ಯತೆಯಿಂದ ಬಂದದ್ದು ಒಂದೂ ಇರಲಿಲ್ಲ. ಒಂದು ಮಗು ಹುಟ್ಟಿತ್ತು, ಒಬ್ಬನಿಗೆ ಜ್ವರ ಬಂದಿತ್ತು. ನಾಳೆ ಮಧ್ಯಾಹ್ನದೊಳಗೆ ಮೈದಾನ ತಲುಪಬಲ್ಲ, ಪಿಚರ್‌ಗಳ ಸನ್ನೆ ಗೊತ್ತಿರುವ ಮೂರನೆಯವನು ಯಾರು ಎಂಬುದಷ್ಟೇ ಪ್ರಶ್ನೆ. ಇದನ್ನು ಅವನು 2017ರಲ್ಲೇ ಹಾಳೆಯ ಮೇಲೆ ಬರೆದು ತೋರಿಸಿದ್ದ. ಮೇಜಿನ ಈಚೆಗೆ ಕುಳಿತಿದ್ದ ನಾನು ಮರೆತಿದ್ದೆ.

ಕೆಲಸ ಕೊಡುವ ಕ್ಲಬ್‌ಗೆ ಫೋನ್ ಮಾಡಿ, ಒಂದು ವರ್ಷ ಕಾಯುತ್ತೀರಾ ಎಂದು ಕೇಳಿದ. ಭರವಸೆ ಕೊಡಲಾರೆವು ಎಂದರು. ಮೈನರ್ ಒಪ್ಪಂದಕ್ಕೇ ಸಹಿ ಹಾಕಿದ, ಆದರೆ ಜುಲೈ 1ರೊಳಗೆ ಮೇಲಕ್ಕೆ ಕರೆಯದಿದ್ದರೆ ಬಿಟ್ಟುಹೋಗುವ ಹಕ್ಕನ್ನು ಬರೆಸಿಕೊಂಡ. ಅವನ ಹೆಂಡತಿ ಆ ಬೇಸಿಗೆಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಹೋದಳು. ಪ್ರಕರಣದ ಖರ್ಚಿನ ಪಟ್ಟಿಯಲ್ಲಿ ಇದೂ ಸೇರಬೇಕು.

ನಡೆದದ್ದು

ಏಪ್ರಿಲ್, ಮೇ, ಜೂನ್ ಟ್ರಿಪಲ್-ಎ. ಆ ವರ್ಷ ಟ್ರಿಪಲ್-ಎಯ ಎಲ್ಲ ಮೈದಾನಗಳಲ್ಲೂ ಸ್ಟ್ರೈಕ್ ತೀರ್ಮಾನಕ್ಕೆ ಯಂತ್ರ ಬಂದಿತ್ತು. ವಾರದ ಅರ್ಧ ದಿನ ಪ್ರತಿ ಎಸೆತಕ್ಕೂ ಯಂತ್ರದ್ದೇ ಮಾತು, ಇನ್ನರ್ಧ ದಿನ ಅಂಪೈರ್‌ನ ತೀರ್ಪನ್ನು ಪ್ರಶ್ನಿಸುವ ಅವಕಾಶ. ಯಂತ್ರಕ್ಕೆ ಮಣಿಕಟ್ಟಿನ ನಯ ಕಾಣುವುದಿಲ್ಲ. ಹತ್ತು ವರ್ಷ ಕಲಿತ ವಿದ್ಯೆ ವಾರದಲ್ಲಿ ಮೂರು ದಿನ ಸುಮ್ಮನೆ ಕುಳಿತಿರುತ್ತದೆ ಎಂದು ಒಮ್ಮೆ ಫೋನಿನಲ್ಲಿ ನಕ್ಕ.

ಕರೆ ಬರಲಿಲ್ಲ. ಜುಲೈ 1ರಂದು ಒಪ್ಪಂದ ಬಿಟ್ಟ. ಎಂಟು ದಿನ ಎಲ್ಲಿಂದಲೂ ಫೋನ್ ಇಲ್ಲ. ಆಮೇಲೆ ಸಹಿ ಹಾಕಿದ ಕ್ಲಬ್ಬನ್ನು ಅವನು ಆರಿಸಿದ ರೀತಿ ನನಗೆ ಇಂದಿಗೂ ಮೆಚ್ಚುಗೆ. ಅದರ ಎರಡನೇ ಕ್ಯಾಚರ್ ಮೊಣಕೈ ನೋವಿನಿಂದ ಹೊರಗಿದ್ದ ಎಂಬುದು ಒಂದು ಕಾರಣ. ಇನ್ನೊಂದು, ಅದರ ಟ್ರಿಪಲ್-ಎ ಊರು ಮೇಜರ್ ಮೈದಾನಕ್ಕೆ ಕಾರಿನ ದೂರದಲ್ಲಿತ್ತು. ಸಿಯಾಟಲ್‌ಗೆ ಟಕೋಮಾ, ಮಿನಿಯಾಪೊಲಿಸ್‌ಗೆ ಸೇಂಟ್ ಪಾಲ್ ಇದ್ದಂತೆ. ರಾತ್ರಿ ಹನ್ನೊಂದಕ್ಕೆ ಆಳು ಬೇಕಾದಾಗ ಬೆಳಗಿನ ವಿಮಾನ ನಂಬಿ ಕೂರುವ ಮ್ಯಾನೇಜರ್‌ಗಿಂತ ಕಾರಿನಲ್ಲಿ ಬರುವವನು ಸಿಕ್ಕ ಮ್ಯಾನೇಜರ್ ನೆಮ್ಮದಿಯಾಗಿ ಮಲಗುತ್ತಾನೆ.

ಆಗಸ್ಟ್ 20ರ ರಾತ್ರಿ ಮುಖ್ಯ ಕ್ಯಾಚರ್‌ನ ಮುಖವಾಡಕ್ಕೆ ಸವರಿದ ಚೆಂಡು ನೇರವಾಗಿ ಬಡಿಯಿತು. ಎದ್ದು ನಿಂತ, ಒಂದು ಹೆಜ್ಜೆ ಇಟ್ಟ, ಮತ್ತೆ ಕುಳಿತ. ಮೆದುಳಿಗೆ ಪೆಟ್ಟಾದವರಿಗೆಂದು 2011ರಿಂದ ಏಳು ದಿನಗಳ ಪ್ರತ್ಯೇಕ ಪಟ್ಟಿ ಇದೆ. ಏಳು ದಿನ ಎಂದರೆ ಕಡಿಮೆಯೆಂದರೂ ಏಳು ದಿನ. ಕೆಂಚನಿಗೆ ಬೇಕಿದ್ದದ್ದು ಐದು.

ಫೋನ್ ಬಂದಾಗ ಸಂತೋಷಪಟ್ಟೆಯಾ ಎಂದು ಆಮೇಲೆ ಕೇಳಿದ್ದೆ. ಮೊದಲು ಆ ಹುಡುಗನಿಗೆ ಸಂದೇಶ ಕಳಿಸಿದೆ, ಅವನು ಉತ್ತರಿಸುವವರೆಗೆ ಚೀಲ ಕಟ್ಟಲಿಲ್ಲ ಎಂದ. ಹೆಚ್ಚು ಹೇಳಲಿಲ್ಲ.

ಐದು ದಿನಗಳಲ್ಲಿ ಒಂದೇ ಪಂದ್ಯ ಆಡಿದ. ಐದನೆಯ ದಿನ ಅವನು ಮಾಡಿದ್ದು, ಪಿಚರ್‌ಗಳು ಕೈ ಬಿಸಿಮಾಡಿಕೊಳ್ಳುವ ಬುಲ್‌ಪೆನ್‌ನಲ್ಲಿ ಕೊನೆಯ ಇನ್ನಿಂಗ್ಸ್‌ನ ಪಿಚರ್‌ಗೆ ಹದಿನೆಂಟು ಎಸೆತ ಹಿಡಿದುಕೊಟ್ಟದ್ದು ಮಾತ್ರ. ಅಂದು ವರಮಹಾಲಕ್ಷ್ಮಿ ಹಬ್ಬ. ನಮ್ಮ ಮನೆಯಲ್ಲಿ ಕುಂಕುಮಕ್ಕೆ ಬಂದವರು ಹೊರಟು, ಉಳಿದ ಹೋಳಿಗೆಯನ್ನು ಡಬ್ಬಿಗೆ ತುಂಬುತ್ತಿದ್ದಾಗ ಮೊಬೈಲ್ ಮಿನುಗಿತು. ಸಂದೇಶದಲ್ಲಿ ಅಂಕಿ ಮಾತ್ರ: 43. ನನ್ನ ಹೆಂಡತಿ ಯಾರದ್ದೋ ಕೋಣೆಯ ಸಂಖ್ಯೆ ಇರಬೇಕು ಎಂದಳು. ಅರಸೀಕೆರೆಗೆ ಫೋನ್ ಹಚ್ಚಿ ಅಮ್ಮನಿಗೆ ಹೇಳಿದೆ. ಕೆಂಚನಿಗೆ ಪಿಂಚಣಿ ಎಂದದ್ದು ಅವರಿಗೆ ತಕ್ಷಣ ಅರ್ಥವಾಯಿತು, ಮೇಷ್ಟರ ಹೆಂಡತಿ.

ಒಂಬತ್ತು ದಿನ ಇದ್ದ. ಸುಮಾರು 34,800 ಡಾಲರ್. ಗಾಯಗೊಂಡವನು ಮರಳಿದಾಗ ಕೆಂಚನನ್ನು ನಲವತ್ತರ ಪಟ್ಟಿಯಿಂದ ತೆಗೆದರು, ಇನ್ನು ಮೂರು ದಿನಕ್ಕೆ ಸೆಪ್ಟೆಂಬರ್. ಆ ಚಳಿಗಾಲ ನಿವೃತ್ತಿ ಘೋಷಿಸಿದ. ಘೋಷಣೆ ಎಂದರೆ ಏಜೆಂಟ್‌ಗೊಂದು ಇಮೇಲ್.

ಡಬಲ್-ಎ ಕೆಲಸ ಕಾಯಲಿಲ್ಲ, ಅದು ಬೇರೆಯವನಿಗೆ ಹೋಗಿತ್ತು. ನವೆಂಬರ್‌ನಿಂದ ಫೆಬ್ರುವರಿವರೆಗೆ ಕೆಂಚ ಒಂದು ಉಗ್ರಾಣದಲ್ಲಿ ಪೆಟ್ಟಿಗೆ ಹೊತ್ತ. ಕೊನೆಗೆ ಸಿಕ್ಕಿದ್ದು ಫ್ಲೋರಿಡಾದಲ್ಲಿ, ಏಣಿಯ ಕೆಳಗಿನ ಎ ದರ್ಜೆಯಲ್ಲಿ, ಮೊದಲ ಕ್ಲಬ್ ಹೇಳಿದ್ದಕ್ಕಿಂತ ಕಡಿಮೆ ಸಂಬಳಕ್ಕೆ. ಹೆಬ್ಬೆರಳು ಚಳಿಗೆ ಈಗಲೂ ಹಿಡಿದುಕೊಳ್ಳುತ್ತದೆ.

ಹಿಂದಿರುಗಿ ನೋಡಿದಾಗ

ಇದನ್ನು ಗೆಲುವಿನ ಕತೆ ಎಂದು ಓದುವವರಿಗೆ ನಾನು ಆ ಎಂಟು ದಿನಗಳ ಮೌನವನ್ನು ನೆನಪಿಸುತ್ತೇನೆ. ಚೆಂಡು ನಾಲ್ಕು ಬೆರಳು ಮೇಲೆ ಹೋಗಿದ್ದರೆ ಕೆಂಚನಿಗೆ ಪಿಂಚಣಿಯೂ ಇರುತ್ತಿರಲಿಲ್ಲ, ಕೆಲಸವೂ ಇರುತ್ತಿರಲಿಲ್ಲ, ನನ್ನ ಕೋಷ್ಟಕ ಸರಿಯಾಗಿತ್ತೆಂದು ನಾನೇ ಈ ಲೇಖನದಲ್ಲಿ ಬೀಗುತ್ತಿದ್ದೆ. ಎರಿಕ್ ಕ್ರಾಟ್ಜ್ ಎಂಬ ಕ್ಯಾಚರ್ 2002ರಲ್ಲಿ 29ನೇ ಸುತ್ತಿನಲ್ಲಿ ಆಯ್ಕೆಯಾಗಿ, ಮೂವತ್ತನೆಯ ವಯಸ್ಸಿಗೆ ಮೇಜರ್ ಲೀಗ್ ಕಂಡು, ನಲವತ್ತರವರೆಗೆ ಊರೂರು ಸುತ್ತಿ ಆಡಿದ. ಅಂಥವರ ಹೆಸರು ನಮಗೆ ಗೊತ್ತಾಗುತ್ತದೆ. 38ಕ್ಕೆ, 41ಕ್ಕೆ ನಿಂತವರು ಯಾವ ತೆರಿಗೆಯವನ ಮೇಜಿಗೂ ಬಂದು ಕತೆ ಹೇಳುವುದಿಲ್ಲ.

ಆದರೆ ಅವನ ನಿರ್ಧಾರಗಳಲ್ಲಿ ಒಂದು ಎಳೆ ಇತ್ತು. ತಾನು ಎಷ್ಟು ಒಳ್ಳೆಯವನು ಎಂಬುದನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಖಾಲಿಯಾಗಬಹುದಾದ ಜಾಗ ಯಾವುದು, ಅಲ್ಲಿಗೆ ತಾನು ಎಷ್ಟು ಹತ್ತಿರ, ಇಷ್ಟನ್ನೇ ನೋಡಿದ. 2017ರ ಹಾಳೆ, 2023ರ ಕಾರಿನ ದೂರ, ಎರಡೂ ಒಂದೇ ಬುದ್ಧಿ. ಇಂಥ ಮನುಷ್ಯ ಮೂರನೇ ಬೇಸ್‌ನಲ್ಲೇ ಉಳಿದಿದ್ದರೆ 2014ರ ಹೊತ್ತಿಗೆ ಮನೆಗೆ ಹೋಗಿರುತ್ತಿದ್ದ ಎಂದು ನನ್ನ ನಂಬಿಕೆ. ತಪ್ಪಿದ್ದು ಒಂದು ಕಡೆ: ಕೆಲಸ ಕಾಯ್ದಿರಿಸುವ ಮಾತನ್ನು ಒಂದು ಫೋನ್ ಕರೆಗೆ ಮುಗಿಸಿಬಿಟ್ಟ. ಜೂನ್‌ನಲ್ಲೇ ಇನ್ನೆರಡು ಕ್ಲಬ್‌ಗಳ ಜೊತೆ ಮಾತು ಶುರುಮಾಡಿದ್ದರೆ ಉಗ್ರಾಣದ ಚಳಿಗಾಲ ಬರುತ್ತಿರಲಿಲ್ಲ. ಇದನ್ನು ಅವನಿಗೂ ಹೇಳಿದ್ದೇನೆ, ಅವನು ಒಪ್ಪುತ್ತಾನೆ. ಅವನ ಹೆಂಡತಿ ಇನ್ನೂ ಗಟ್ಟಿಯಾಗಿ ಒಪ್ಪುತ್ತಾಳೆ.

ಈ ವರ್ಷದ ಜನವರಿಯಲ್ಲಿ ತಂದೆ ತಾಯಿಯನ್ನು ನೋಡಲು ಬಂದವನು ಕಚೇರಿಗೂ ಬಂದ. ಅಂಪೈರ್‌ನ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸುವ ಪದ್ಧತಿ 2026ರ ಋತುವಿನಿಂದ ಮೇಜರ್ ಲೀಗ್‌ಗೂ ಬಂದಿದೆ. ತಂಡಕ್ಕೆ ಎರಡು ಅವಕಾಶ, ಗೆದ್ದರೆ ಅವಕಾಶ ಉಳಿಯುತ್ತದೆ. ಪಿಚರ್, ಕ್ಯಾಚರ್, ಬ್ಯಾಟರ್ ಈ ಮೂವರೇ, ಯಾರ ಸಲಹೆಯನ್ನೂ ಕೇಳದೆ, ತಲೆ ಮುಟ್ಟಿ ತಿಳಿಸಬೇಕು. ಫ್ಲೋರಿಡಾದ ಲೀಗ್‌ನಲ್ಲಿ ಅದು ಹಳೆಯ ವಿಷಯ. ಹತ್ತೊಂಬತ್ತರ ಹುಡುಗರಿಗೆ ಅವನು ಈಗ ಕಲಿಸುವುದು ಯಾವಾಗ ತಲೆ ಮುಟ್ಟಬಾರದು ಎಂಬುದನ್ನು. ನನ್ನ ಮೇಜಿನ ಈಚೆಗೆ ಕುಕ್ಕರುಗಾಲಲ್ಲಿ ಕುಳಿತು, ಇಲ್ಲದ ಚೆಂಡನ್ನು ಹಿಡಿದು, ಬಾಗಿದ ತೋರುಬೆರಳನ್ನು ಹಣೆಯವರೆಗೆ ಒಯ್ದು ನಿಲ್ಲಿಸಿ ತೋರಿಸಿದ.

ಮಿಟ್‌ನ ಚೀಲ ತಂದಿರಲಿಲ್ಲ. ಅಂಗಿಯ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದ. ಒಂದೇ ಕ್ಲಬ್, ಒಂದೇ ರಾಜ್ಯ. ಆ ರಾಜ್ಯದಲ್ಲಿ ಆದಾಯ ತೆರಿಗೆಯೇ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಲೆಕ್ಕ ಮುಗಿಯಿತು.

"ಹಾಗಾದರೆ ಈ ಸಲ ಅರ್ಧ ಶುಲ್ಕ ತಾನೇ?" ಎಂದ.

ಪೂರ್ತಿ ತೆಗೆದುಕೊಂಡೆ. ಉಗುರುಬಣ್ಣದ ಸೀಸೆಯ ಬಾಬ್ತು ಇನ್ನೂ ಬಾಕಿ ಇದೆ.